ಬಡತನ ಎಂದು ಬರೆದು ಕೈತೊಳೆದುಕೊಳ್ಳಬೇಡಿ

ಪ್ರಶ್ನೆ: ನಾನು ತುಮಕೂರಿನಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಎರಡನೇ ವರ್ಷದಲ್ಲಿದ್ದೇನೆ. ಪಾವಗಡ, ಮಧುಗಿರಿ ಕಡೆಯಿಂದ ಕೆಲಸಕ್ಕೆಂದು ಹೋಗಿ ಮಾನವ ಕಳ್ಳಸಾಗಣೆಗೆ ಸಿಲುಕಿದವರ ಬಗ್ಗೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ಮಾರ್ಗದರ್ಶಕರು ಅಪರಾಧಶಾಸ್ತ್ರದ ಒತ್ತಡ ಸಿದ್ಧಾಂತವನ್ನು ಚೌಕಟ್ಟಾಗಿ ಇಟ್ಟುಕೊಳ್ಳಲು ಹೇಳಿದ್ದಾರೆ. ಆದರೆ ಆ ಸಿದ್ಧಾಂತ ಹೇಳುವುದು ಒಬ್ಬ ಮನುಷ್ಯ ಅಪರಾಧ ಏಕೆ ಮಾಡುತ್ತಾನೆ ಎಂಬುದನ್ನು. ನಾನು ಬರೆಯಬೇಕಿರುವುದು ಬಲಿಯಾದವರ ಬಗ್ಗೆ. ಬರ, ಸಾಲ, ನಿರುದ್ಯೋಗ ಇವುಗಳನ್ನೇ ‘ಒತ್ತಡ’ ಎಂದು ತೋರಿಸಿದರೆ ಸಾಕೇ? ಪ್ರಶ್ನಾವಳಿಯಲ್ಲಿ ಏನನ್ನು ಕೇಳಬೇಕು?

ಉತ್ತರ: ಸಾಲದು. ನಿಮಗೆ ಬಂದಿರುವ ಅನುಮಾನ ನ್ಯಾಯವಾದದ್ದು. ಮಾರ್ಗದರ್ಶಕರು ಹೇಳಿದರೆಂದು ಅದನ್ನು ನುಂಗಿಕೊಳ್ಳಬೇಡಿ. ಹಾಗೆಂದು ಅವರು ಸೂಚಿಸಿದ ಸಿದ್ಧಾಂತವನ್ನು ಕೈಬಿಡುವುದೂ ಬೇಡ. ಅದನ್ನು ಯಾರಿಗೆ ಅನ್ವಯಿಸಬೇಕು ಎಂದು ಮೊದಲು ತೀರ್ಮಾನಿಸಿಕೊಂಡರೆ ಅರ್ಧ ತೊಡಕು ಬಿಟ್ಟುಹೋಗುತ್ತದೆ.

ಇಂಥ ಕಿರುಪ್ರಬಂಧಗಳನ್ನು ಮೌಲ್ಯಮಾಪನಕ್ಕಾಗಿ ಓದುವುದು ನನ್ನ ಕೆಲಸದ ಒಂದು ಭಾಗ. ಎರಡನೇ ಅಧ್ಯಾಯದಲ್ಲಿ ಒತ್ತಡ ಸಿದ್ಧಾಂತವನ್ನು ಮುಂದಿಟ್ಟ ಅಮೆರಿಕದ ಸಮಾಜಶಾಸ್ತ್ರಜ್ಞ ಮರ್ಟನ್, ಮೂರನೆಯದರಲ್ಲಿ ತಾಲ್ಲೂಕಿನ ಮಳೆಯ ಪ್ರಮಾಣ, ನಾಲ್ಕನೆಯದರಲ್ಲಿ ಶೇಕಡಾವಾರು ಕೋಷ್ಟಕಗಳು, ಐದನೆಯದರಲ್ಲಿ ‘ಬಡತನವೇ ಮೂಲ ಕಾರಣ’. ಎರಡನೇ ಅಧ್ಯಾಯಕ್ಕೆ ಬಂದ ಮರ್ಟನ್ ಮುಂದೆ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಅವನು ಹೇಳಿದ್ದು ಬಡತನವೇ ಕಾರಣ ಎಂದಲ್ಲ, ಅದಕ್ಕೆ ಹೆಚ್ಚುಕಡಿಮೆ ವಿರುದ್ಧವಾದದ್ದು.

ರಾಬರ್ಟ್ ಮರ್ಟನ್ 1938ರಲ್ಲಿ ಪ್ರಕಟಿಸಿದ ಲೇಖನ ಹತ್ತು ಹನ್ನೊಂದು ಪುಟಗಳದ್ದು. ಗೈಡ್ ಪುಸ್ತಕ ಬದಿಗಿಟ್ಟು ಮೂಲವನ್ನೇ ಓದಿ. ಅವನಿಗಿಂತ ಮೊದಲು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ 1893 ಮತ್ತು 1897ರ ಪುಸ್ತಕಗಳಲ್ಲಿ, ಸಮಾಜ ಒಮ್ಮೆಲೇ ಬದಲಾದಾಗ ಹಳೆಯ ಕಟ್ಟುಪಾಡುಗಳು ಸಡಿಲಗೊಂಡು ಮನುಷ್ಯನ ಆಸೆಗೆ ಎಲ್ಲೆಯೇ ಇಲ್ಲದಂತಾಗುತ್ತದೆ ಎಂದಿದ್ದ. ಬಡತನವು ಆಸೆಗೆ ಕಡಿವಾಣ ಹಾಕುವುದರಿಂದ ಅದು ಒಂದು ರೀತಿಯಲ್ಲಿ ಕಾಪಾಡುತ್ತದೆ ಎಂದು ಕೂಡ ಅವನು ಬರೆದ. ಮರ್ಟನ್ ಆ ವಿಚಾರವನ್ನು ಅಮೆರಿಕಕ್ಕೆ ತಂದು ತಿರುಗಿಸಿದ. ಇಡೀ ಸಮಾಜ ಎಲ್ಲರಿಗೂ ಒಂದೇ ಗುರಿಯನ್ನು ತೋರಿಸುತ್ತದೆ: ಹಣ ಮಾಡು, ಮೇಲೆ ಬಾ. ಆದರೆ ಅಲ್ಲಿಗೆ ಹೋಗುವ ನೇರ ದಾರಿ ಕೆಲವರಿಗೆ ಮಾತ್ರ ತೆರೆದಿರುತ್ತದೆ. ಈ ಗುರಿಗೂ ದಾರಿಗೂ ನಡುವಿನ ಅಂತರವೇ ಒತ್ತಡ. ಬಡತನವೊಂದೇ ಅಪರಾಧ ಹುಟ್ಟಿಸುವುದಿಲ್ಲ, ಆಗ್ನೇಯ ಯುರೋಪಿನಲ್ಲಿ ಬಡತನಕ್ಕೂ ಅಪರಾಧಕ್ಕೂ ಅಮೆರಿಕದಲ್ಲಿರುವಷ್ಟು ನಂಟಿಲ್ಲ ಎಂದು ಅವನೇ ಆ ಲೇಖನದಲ್ಲಿ ಹೇಳುತ್ತಾನೆ.

ಇದು ನಮ್ಮ ಕಡೆಗೆ ಚೆನ್ನಾಗಿ ಹೊಂದುತ್ತದೆ, ಆದರೆ ಒಂದು ತಿದ್ದುಪಡಿಯೊಂದಿಗೆ. ಎಲ್ಲರಿಗೂ ಒಂದೇ ಗುರಿ ಎಂಬ ಮಾತು ಜಾತಿ ಗಟ್ಟಿಯಾಗಿದ್ದ ಹಳೆಯ ಹಳ್ಳಿಗೆ ಸಲ್ಲದು. ಅಲ್ಲಿ ಯಾರು ಏನನ್ನು ಆಸೆಪಡಬಹುದು ಎಂಬುದಕ್ಕೂ ಗಡಿ ಇತ್ತು. ಸಂವಿಧಾನ, ಶಾಲೆ, ಟೀವಿ, ಈಗ ಕೈಯಲ್ಲಿರುವ ಮೊಬೈಲ್ ಆ ಗಡಿಯನ್ನು ಅಳಿಸಿದವು. ಆಸೆ ಎಲ್ಲರದ್ದೂ ಆಯಿತು. ಭೂಮಿ, ಬಂಡವಾಳ, ಪರಿಚಯದ ಬಲ ಮಾತ್ರ ಮೊದಲಿದ್ದವರ ಕೈಯಲ್ಲೇ ಉಳಿಯಿತು. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ಶೇ. 30ರಷ್ಟಿದೆ. ಜೀತದಿಂದ ಬಿಡುಗಡೆಯಾದವರ ಪಟ್ಟಿಗಳನ್ನು ನೋಡಿದರೆ ದಲಿತರು ಮತ್ತು ಆದಿವಾಸಿಗಳೇ ಬಹುಪಾಲು. ಮರ್ಟನ್ ವರ್ಗ ಎಂದಲ್ಲೆಲ್ಲ ನೀವು ಜಾತಿಯನ್ನು ಸೇರಿಸಿ ಓದದಿದ್ದರೆ ನಿಮ್ಮ ಪ್ರಬಂಧ ಷಿಕಾಗೋದ ಬಗ್ಗೆ ಆದೀತು, ಪಾವಗಡದ ಬಗ್ಗೆ ಆಗದು.

ಒತ್ತಡಕ್ಕೆ ಸಿಕ್ಕವರು ಐದು ಬಗೆಯಲ್ಲಿ ನಡೆದುಕೊಳ್ಳುತ್ತಾರೆ ಎಂಬ ಮರ್ಟನ್ನನ ವರ್ಗೀಕರಣ ನಿಮಗೆ ಗೊತ್ತಿದೆ. ಗುರಿಯನ್ನೂ ನೇರ ದಾರಿಯನ್ನೂ ಒಪ್ಪಿಕೊಂಡವರದು ಅನುರೂಪತೆ. ಗುರಿ ಒಪ್ಪಿ ಅಡ್ಡದಾರಿ ಹಿಡಿದವರದು ನಾವೀನ್ಯ. ಗುರಿ ಮರೆತು ನಿಯಮವನ್ನಷ್ಟೇ ಹಿಡಿದುಕೊಂಡವರದು ಕರ್ಮಠತನ. ಎರಡನ್ನೂ ಬಿಟ್ಟವರದು ಪಲಾಯನ. ಎರಡನ್ನೂ ಬದಲಿಸಹೊರಟವರದು ಬಂಡಾಯ. ಪರೀಕ್ಷೆಗೆ ಬರೆಯುವವರು ಎಲ್ಲರೂ ಎರಡನೆಯದಕ್ಕೆ ಓಡುತ್ತಾರೆ, ಏಕೆಂದರೆ ಕಳ್ಳ ಅಲ್ಲಿದ್ದಾನೆ. ನಿಮ್ಮ ವಿಷಯಕ್ಕೆ ಬೇಕಾದದ್ದು ಮೊದಲನೆಯದು.

ಮಾನವ ಕಳ್ಳಸಾಗಣೆಗೆ ಸಿಕ್ಕಿದವರಲ್ಲಿ ಹೆಚ್ಚಿನವರು ಅನುರೂಪತೆಯ ಜನ. ದುಡಿದು ತಿನ್ನಬೇಕು, ಸಾಲ ತೀರಿಸಬೇಕು, ಮಗಳ ಮದುವೆ ಮಾಡಬೇಕು, ತಮ್ಮನನ್ನು ಓದಿಸಬೇಕು ಎಂದು ನಂಬಿದವರು. ಅಡ್ಡದಾರಿ ಹಿಡಿಯದವರು. ಮುಂದೆ ಬಾಗಿಲು ಕಾಣದೆ ನಿಂತಿರುವ ಇಂಥವರ ಬಳಿಗೆ ದಲ್ಲಾಳಿ ಬರುವುದು ನೇರ ದಾರಿಯ ವೇಷದಲ್ಲಿಯೇ. ಅವನು ಯಾರನ್ನೂ ಕೆಟ್ಟ ಕೆಲಸಕ್ಕೆ ಕರೆಯುವುದಿಲ್ಲ. ‘ಬೆಂಗಳೂರಿನಲ್ಲಿ ಗಾರ್ಮೆಂಟ್ಸ್, ಹಾಸ್ಟೆಲ್ ಇದೆ, ಊಟ ಅವರದೇ, ಪಿಎಫ್ ಕೂಡ ಹಿಡಿಯುತ್ತಾರೆ’ ಎನ್ನುತ್ತಾನೆ. ಆ ‘ಪಿಎಫ್’ ಎಂಬ ಮಾತನ್ನು ಗಮನಿಸಿ. ಕಾನೂನುಬದ್ಧ ಉದ್ಯೋಗದ ಭಾಷೆಯಲ್ಲಿಯೇ ಮೋಸ ನಡೆಯುತ್ತದೆ. ಮದುವೆಯ ಹೆಸರಿನಲ್ಲಿ ಬಂದರೆ ‘ವರದಕ್ಷಿಣೆ ಬೇಡ, ಖರ್ಚೆಲ್ಲ ಗಂಡಿನ ಕಡೆಯವರದೇ’ ಎನ್ನುತ್ತಾನೆ. ಬಂದವನು ಅಪರಿಚಿತನೂ ಆಗಿರಬೇಕಿಲ್ಲ. ಅತ್ತೆಯ ಕಡೆಯವನೋ, ಪಕ್ಕದೂರಿನ ಅಳಿಯನೋ, ಹೋದ ವರ್ಷ ತಾನೂ ಕೆಲಸಕ್ಕೆ ಹೋಗಿಬಂದ ಅಕ್ಕನೋ ಆಗಿರಬಹುದು.

ಆದ್ದರಿಂದ ಒತ್ತಡವು ಬಲಿಯಾದವರನ್ನು ದಾರಿ ತಪ್ಪಿಸುತ್ತದೆ ಎಂದು ಬರೆದರೆ ಸಿದ್ಧಾಂತಕ್ಕೂ ಅನ್ಯಾಯ, ಅವರಿಗೂ ಅನ್ಯಾಯ. ಸರಿಯಾದ ದಾರಿಯ ಮೇಲೆ ಅವರಿಗಿರುವ ನಂಬಿಕೆಯೇ ದಲ್ಲಾಳಿಯ ಬಂಡವಾಳ. ಒಬ್ಬರ ಒತ್ತಡ ಇನ್ನೊಬ್ಬರ ಕಚ್ಚಾವಸ್ತುವಾಗುತ್ತದೆ. ಈ ವಾದವನ್ನು ನಿಮ್ಮ ಪ್ರಬಂಧದ ಬೆನ್ನೆಲುಬು ಮಾಡಿಕೊಳ್ಳಿ. ಹಾಗೆ ಮಾಡಿಕೊಂಡರೆ ನೋಡಬೇಕಾದವರು ಮೂವರು ಎಂಬುದು ತಾನಾಗಿಯೇ ಹೊಳೆಯುತ್ತದೆ: ಹೋಗುವವರು, ಕರೆದೊಯ್ಯುವವರು, ದುಡಿಸಿಕೊಳ್ಳುವವರು. ಒತ್ತಡ ಮೂವರ ಮೇಲೂ ಒಂದೇ ರೀತಿ ಬೀಳುವುದಿಲ್ಲ.

ಹೋಗುವವರಿಂದ ಶುರು ಮಾಡೋಣ. ಪಾವಗಡದ ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಬಂದದ್ದು ನಿಮಗೆ ಗೊತ್ತೇ ಇದೆ. 2018ರ ಮಾರ್ಚ್‌ನಲ್ಲಿ ಅದರ ಉದ್ಘಾಟನೆಯಾಯಿತು. ಜಮೀನು ಗುತ್ತಿಗೆಗೆ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ, ಎರಡು ವರ್ಷಕ್ಕೊಮ್ಮೆ ಏರುವ ಬಾಡಿಗೆ ಗೊತ್ತಾಯಿತು. ಶೇಂಗಾ ಬೆಳೆದು ಕೈಸುಟ್ಟುಕೊಂಡ ರೈತನಿಗೆ ಅದು ಸಣ್ಣ ಸಮಾಧಾನವಲ್ಲ. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಾಯಿ ಬಿಡಿಸುತ್ತಿದ್ದ ಭೂಹೀನ ಕೂಲಿಯವರಿಗೆ ಬಾಡಿಗೆ ಕೊಡುವವರು ಯಾರು? ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ. ಒಂದೇ ಬೀದಿಯಲ್ಲಿ ಒಬ್ಬನ ಮನೆಗೆ ಆರ್‌ಸಿಸಿ ಬಿದ್ದು ಇನ್ನೊಬ್ಬನಿಗೆ ಕೂಲಿಯೂ ತಪ್ಪುವುದು ಎಲ್ಲರೂ ಒಟ್ಟಿಗೆ ಬಡವರಾಗಿದ್ದ ಬರಗಾಲಕ್ಕಿಂತ ಬೇರೆಯದೇ ಸ್ಥಿತಿ. ತುಲನಾತ್ಮಕ ವಂಚನೆ, ಅಂದರೆ ಪಕ್ಕದವರಿಗೆ ಹೋಲಿಸಿಕೊಂಡಾಗ ತನಗೆ ತಪ್ಪಿಹೋಯಿತು ಎಂಬ ಭಾವ, ಎಂದು ಸಮಾಜಶಾಸ್ತ್ರ ಹೇಳುವುದು ಇದನ್ನೇ. ಆ ಊರುಗಳಿಂದ ಕಳ್ಳಸಾಗಣೆ ಹೆಚ್ಚಾಯಿತು ಎಂದು ನಾನು ಹೇಳುತ್ತಿಲ್ಲ. ಒತ್ತಡವನ್ನು ಮಳೆಮಾಪನದ ಅಂಕಿಯಲ್ಲಿ ಹುಡುಕಬೇಡಿ, ಪಕ್ಕದ ಮನೆಯ ಜೊತೆಗಿನ ಅಂತರದಲ್ಲಿ ಹುಡುಕಿ ಎನ್ನುತ್ತಿದ್ದೇನೆ.

ಅಮೆರಿಕದ ಅಪರಾಧಶಾಸ್ತ್ರಜ್ಞ ರಾಬರ್ಟ್ ಆಗ್ನ್ಯೂ 1992ರಲ್ಲಿ ಈ ಸಿದ್ಧಾಂತವನ್ನು ಹಿಗ್ಗಿಸಿದ. ಗುರಿ ಸಿಗದಿರುವುದು ಮಾತ್ರ ಒತ್ತಡವಲ್ಲ. ಇದ್ದದ್ದನ್ನು ಕಳೆದುಕೊಳ್ಳುವುದು, ಸಹಿಸಲಾಗದ್ದು ಮೇಲೆ ಬಂದು ಬೀಳುವುದು ಇವೂ ಒತ್ತಡವೇ ಎಂದ. ಇದು ಮರ್ಟನ್ನನಿಗಿಂತ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೇವಿಲ್ಲದೆ ಹಸು ಮಾರಿದ್ದು, ಕೊಳವೆಬಾವಿ ಸಾವಿರ ಅಡಿ ದಾಟಿಯೂ ನೀರು ಬಾರದ್ದು, ಗಂಡ ತೀರಿಕೊಂಡದ್ದು ಎರಡನೆಯ ಬಗೆ. ಮೂರನೆಯದಕ್ಕೆ ಸಂಘದ ಸಾಲದ ವಾರದ ಕಂತಿಗಿಂತ ಒಳ್ಳೆಯ ಉದಾಹರಣೆ ಸಿಗದು. ಕಂತು ಕಟ್ಟುವ ದಿನ ಬೆಳಿಗ್ಗೆ ಮನೆ ಬಾಗಿಲಿಗೆ ವಸೂಲಿಯವರು, ಹಿಂದೆಯೇ ಜಾಮೀನು ನಿಂತ ಅಕ್ಕಪಕ್ಕದ ಹೆಂಗಸರು. ಕಿರುಸಾಲ ವಸೂಲಿಯ ಕಿರುಕುಳಕ್ಕೆ ಜನ ಊರು ಬಿಡುವ, ಜೀವ ಕಳೆದುಕೊಳ್ಳುವ ಸುದ್ದಿಗಳು ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಥ ಬೆಳಿಗ್ಗೆ ಕೆಲಸಕ್ಕೆ ಜನರನ್ನು ಒದಗಿಸುವ ಮೇಸ್ತ್ರಿ ಬಂದು ಐವತ್ತು ಸಾವಿರ ರೂಪಾಯಿ ಮುಂಗಡ ಎಣಿಸಿ ಕೊಟ್ಟರೆ ಅದನ್ನು ಪಡೆದವರು ಮೋಸಹೋದರು ಎಂದು ನಾವು ದೂರದಲ್ಲಿ ಕುಳಿತು ಹೇಳುತ್ತೇವೆ. ಆ ಕ್ಷಣಕ್ಕೆ ಅವರು ಮಾನ ಉಳಿಸಿಕೊಂಡಿರುತ್ತಾರೆ.

ಇಲ್ಲಿ ಕೋಲಾರದ ಒಂದು ಹೋಲಿಕೆ ನಿಮ್ಮ ವಾದಕ್ಕೆ ಬಲ ಕೊಡುತ್ತದೆ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಇಡೀ ಊರಿನ ನೇರ ದಾರಿಯೇ ಒಂದು ದಿನದಲ್ಲಿ ಕಡಿದುಹೋದಂತೆ. ಡರ್ಕ್‌ಹೈಮ್ ಹೇಳಿದ ಥರದ ಆಘಾತ ಅದು. ಆದರೂ ಅಲ್ಲಿನ ಜನ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮನೆಗೆ ಬರುವುದನ್ನು ರೂಢಿ ಮಾಡಿಕೊಂಡರು. ಆ ರೈಲು ಬರೀ ಸಾರಿಗೆಯಲ್ಲ. ರಾತ್ರಿ ಮನೆಗೆ ಮರಳುವ ಕೆಲಸಗಾರನನ್ನು ಕೂಡಿಹಾಕುವುದು ಕಷ್ಟ; ಸಂಬಳ ಕೊಡದಿದ್ದರೆ ಮರುದಿನ ಅವನು ಬರುವುದಿಲ್ಲ. ಪಾವಗಡದ ಗಡಿಹಳ್ಳಿಯಿಂದ ಹಾಗೆ ದಿನವೂ ಹೋಗಿಬರಲಾಗದು. ವಸತಿಯೂ ದುಡಿಸಿಕೊಳ್ಳುವವನದೇ, ಊಟವೂ ಅವನದೇ ಎಂದಾಗಲೇ ಒಬ್ಬ ಮನುಷ್ಯ ಪೂರ್ತಿಯಾಗಿ ಅವನ ಕೈಗೆ ಸಿಗುವುದು. ಒತ್ತಡ ಎರಡು ಕಡೆಯೂ ಇದೆ, ಫಲ ಮಾತ್ರ ಬೇರೆ. ಸಿದ್ಧಾಂತ ಎಲ್ಲಿ ಸಾಲದು ಎಂಬುದನ್ನೂ ಪ್ರಬಂಧ ತೋರಿಸಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಈಗ ಕರೆದೊಯ್ಯುವವರು. ಒತ್ತಡ ಸಿದ್ಧಾಂತ ತನ್ನ ಹುಟ್ಟುಗುಣಕ್ಕೆ ತಕ್ಕಂತೆ ಕೆಲಸ ಮಾಡುವುದು ಇವರ ಮೇಲೆ, ಮತ್ತು ವಿದ್ಯಾರ್ಥಿಗಳು ಅತಿ ಕಡಿಮೆ ಬರೆಯುವುದೂ ಇವರ ಬಗ್ಗೆಯೇ. ದಲ್ಲಾಳಿ ಎಂದರೆ ಸಿನಿಮಾದ ಖಳನಾಯಕ ಎಂದುಕೊಂಡವರಿಗೆ ಮಾಲೂರಿನ ಕಡೆಯ ಒಂದು ಇಟ್ಟಿಗೆ ಗೂಡಿನ ಮೇಸ್ತ್ರಿಯನ್ನು ನೋಡಿದರೆ ನಿರಾಸೆಯಾದೀತು. ಅವನೂ ಒಂದು ಕಾಲಕ್ಕೆ ಮಣ್ಣು ತುಳಿದವನೇ. ಕೈಕೆಳಗೆ ನಾಲ್ಕು ಕುಟುಂಬ ತಂದುಕೊಟ್ಟರೆ ಸಾವಿರ ಇಟ್ಟಿಗೆಗೆ ಇಷ್ಟು ಎಂದು ಕಮಿಷನ್, ತನ್ನ ಹಳೇ ಬಾಕಿ ಚುಕ್ತಾ. ಮೇಲೆ ಬರಬೇಕೆಂಬ ಗುರಿ ಅವನದೂ ಹೌದು. ನೇರ ದಾರಿಯಲ್ಲಿ ಮಣ್ಣು ತುಳಿದು ಮೇಲೆ ಬಂದವರನ್ನು ಅವನು ಕಂಡಿಲ್ಲ. ಜನರನ್ನು ತಂದುಕೊಟ್ಟು ಬೈಕು ಕೊಂಡವರನ್ನು ಕಂಡಿದ್ದಾನೆ. ಮರ್ಟನ್ನನ ನಾವೀನ್ಯಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಪಠ್ಯಪುಸ್ತಕದಲ್ಲಿಯೂ ಇಲ್ಲ.

ಆದರೆ ಅಷ್ಟೇ ಒತ್ತಡವಿರುವ ಉಳಿದ ನೂರು ಜನ ಮೇಸ್ತ್ರಿಗಳಾಗಲಿಲ್ಲವಲ್ಲ? ಅಮೆರಿಕದ ಸಂಶೋಧಕರಾದ ಕ್ಲೋವರ್ಡ್ ಮತ್ತು ಓಲಿನ್ 1960ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ನೇರ ದಾರಿ ಎಲ್ಲರಿಗೂ ತೆರೆದಿಲ್ಲದಂತೆ ಅಡ್ಡದಾರಿಯೂ ಎಲ್ಲರಿಗೂ ತೆರೆದಿಲ್ಲ. ಜನ ಸಾಗಿಸಲು ಯಾವ ಊರಿನಲ್ಲಿ ಈ ವರ್ಷ ಮಳೆ ಕೈಕೊಟ್ಟಿದೆ, ಯಾರ ಮನೆಯಲ್ಲಿ ಸಾಲ ಕುತ್ತಿಗೆಗೆ ಬಂದಿದೆ, ಯಾವ ಬಸ್ಸಿಗೆ ಹತ್ತಿಸಿದರೆ ಯಾರೂ ಕೇಳುವುದಿಲ್ಲ, ಆ ತುದಿಯಲ್ಲಿ ಹಣ ಕೊಡುವವರು ಯಾರು ಎಂದೆಲ್ಲ ತಿಳಿದಿರಬೇಕು. ಅದೂ ಒಂದು ಕಸುಬು. ಕಲಿಸುವವರು ಬೇಕು, ನಂಬುವವರು ಬೇಕು. ಇದೇ ಕಾರಣಕ್ಕೆ ಒಮ್ಮೆ ಸಾಗಿಸಲ್ಪಟ್ಟವರೇ ಮುಂದೆ ಸಾಗಿಸುವವರಾಗುವುದು. ದಾರಿ ಅವರಿಗೆ ಗೊತ್ತು, ಊರಿನಲ್ಲಿ ಅವರ ಮಾತಿಗೆ ಬೆಲೆಯಿದೆ, ತಾವು ಬಿಡಿಸಿಕೊಳ್ಳಲು ಬದಲಿಗೆ ಇನ್ನೊಬ್ಬರನ್ನು ತರಬೇಕು ಎಂಬ ಷರತ್ತೂ ಇರಬಹುದು. ಉಳಿದ ಅಪರಾಧಗಳಿಗೆ ಹೋಲಿಸಿದರೆ ಮಾನವ ಕಳ್ಳಸಾಗಣೆಯಲ್ಲಿ ಶಿಕ್ಷೆಯಾದವರ ಪೈಕಿ ಹೆಂಗಸರ ಪಾಲು ಎದ್ದುಕಾಣುವಷ್ಟು ಹೆಚ್ಚು ಎಂದು ವಿಶ್ವಸಂಸ್ಥೆಯ ಜಾಗತಿಕ ವರದಿಗಳು ಮತ್ತೆ ಮತ್ತೆ ಹೇಳಿರುವುದನ್ನು ಇದರ ಪಕ್ಕದಲ್ಲಿಟ್ಟು ಯೋಚಿಸಿ. ಬಲಿ ಮತ್ತು ಅಪರಾಧಿ ಎಂಬ ಎರಡು ಪಟ್ಟಿ ಹಾಕಿಕೊಂಡು ಹೊರಟರೆ ಇಂಥವರನ್ನು ಯಾವ ಪಟ್ಟಿಯಲ್ಲಿ ಬರೆಯುತ್ತೀರಿ? ಕಾನೂನು ಒಂದನ್ನು ಆರಿಸಲೇಬೇಕಾಗುತ್ತದೆ. ಸಂಶೋಧಕರಿಗೆ ಆ ಇಕ್ಕಟ್ಟಿಲ್ಲ.

ಗೂಡಿನ ಲೆಕ್ಕದ ಪುಸ್ತಕ ಸಿಕ್ಕರೆ ಅದನ್ನು ನಿಧಾನವಾಗಿ ನೋಡಿ. ನಿಮ್ಮ ಪ್ರಶ್ನಾವಳಿಗಿಂತ ಹೆಚ್ಚು ಅದು ಹೇಳುತ್ತದೆ. ಮೊದಲ ಸಾಲಿನಲ್ಲಿ ಮುಂಗಡ. ಕೂಲಿ ಒಬ್ಬೊಬ್ಬರ ಹೆಸರಿಗಲ್ಲ, ಇಡೀ ಕುಟುಂಬಕ್ಕೆ, ಅದೂ ಕೊಯ್ದ ಇಟ್ಟಿಗೆಯ ಲೆಕ್ಕದಲ್ಲಿ. ಹಾಗಾಗಿ ಹತ್ತು ವರ್ಷದ ಮಗು ತಿರುವಿಹಾಕಿದ ಇಟ್ಟಿಗೆಯೂ ಅಪ್ಪನ ಹೆಸರಿನಲ್ಲಿ ಸೇರಿರುತ್ತದೆ, ಮಗು ಮಾತ್ರ ಪುಸ್ತಕದಲ್ಲಿ ಇರುವುದಿಲ್ಲ. ವಾರಕ್ಕೊಮ್ಮೆ ಸಂತೆ ಖರ್ಚಿಗೆಂದು ಸ್ವಲ್ಪ ಹಣ. ಮಳೆಗೆ ಕರಗಿದ ಹಸಿ ಇಟ್ಟಿಗೆ ಲೆಕ್ಕಕ್ಕಿಲ್ಲ. ಜ್ವರಕ್ಕೆ ಆಸ್ಪತ್ರೆಗೆ ಕರೆದೊಯ್ದ ಆಟೋ ಬಾಡಿಗೆ ಕೂಲಿಯವನ ಖಾತೆಗೆ. ಬೇಸಿಗೆ ಮುಗಿದು ಮಳೆಗಾಲ ಹಿಡಿಯುವ ಹೊತ್ತಿಗೆ ಎಲ್ಲ ಕಳೆದು ಕೂಡಿಸಿದರೆ ಉಳಿಯುವುದು ಬಾಕಿ, ಮುಂದಿನ ಹಂಗಾಮಿಗೆ ಅದೇ ಮೊದಲ ಸಾಲು. ಬೇಲಿಯೂ ಬೀಗವೂ ಇಲ್ಲ. ‘ಮುಂಗಡ ತಿಂದಿದ್ದೇವೆ, ತೀರಿಸದೆ ಹೇಗೆ ಹೋಗುವುದು’ ಎಂದು ಕೂಲಿಯವರೇ ಹೇಳುತ್ತಾರೆ.

ಆ ಒಂದು ಮಾತಿನಲ್ಲಿ ಆಗ್ನ್ಯೂನ ಸಿದ್ಧಾಂತದ ಮುಖ್ಯ ಎಳೆ ಇದೆ. ಒತ್ತಡ ಸಿಟ್ಟಾಗಿ, ಸಿಟ್ಟು ಕೃತ್ಯವಾಗಿ ಬದಲಾಗಬೇಕಾದರೆ ತನಗಾದದ್ದು ಅನ್ಯಾಯ ಎಂದು ಮನುಷ್ಯನಿಗೆ ಅನ್ನಿಸಬೇಕು ಎಂದು ಅವನು 2001ರ ಲೇಖನದಲ್ಲಿ ಒತ್ತಿಹೇಳಿದ. ಗೂಡಿನ ಕೂಲಿಯವನಿಗೆ ಅದು ಅನ್ಯಾಯವಾಗಿ ಕಾಣುವುದಿಲ್ಲ, ಋಣವಾಗಿ ಕಾಣುತ್ತದೆ. ಅದೇ ಕೋಲಾರ ಜಿಲ್ಲೆಯ ನರಸಾಪುರದ ಮೊಬೈಲ್ ಜೋಡಣೆ ಕಾರ್ಖಾನೆಯಲ್ಲಿ 2020ರ ಡಿಸೆಂಬರ್‌ನಲ್ಲಿ ವೇತನದ ವಿಚಾರಕ್ಕೆ ಗುತ್ತಿಗೆ ಕಾರ್ಮಿಕರು ಗಾಜು ಪುಡಿ ಮಾಡಿದ್ದನ್ನು ನೆನಪಿಸಿಕೊಳ್ಳಿ. ಅವರು ಓದಿದವರು, ಹೇಳಿದ ಸಂಬಳ ಎಷ್ಟು ಬಂದ ಸಂಬಳ ಎಷ್ಟು ಎಂದು ಮೊಬೈಲ್‌ನಲ್ಲೇ ನೋಡಬಲ್ಲವರು, ಸಾವಿರಾರು ಜನ ಒಟ್ಟಿಗಿದ್ದವರು. ಇಟ್ಟಿಗೆ ಗೂಡಿನಲ್ಲಿ ಒತ್ತಡ ಹೆಚ್ಚು, ಸಿಟ್ಟು ಕಡಿಮೆ. ಒಡಿಶಾದಿಂದ ಬಂದ ಕುಟುಂಬವಾದರೆ ಕನ್ನಡವೂ ಇಲ್ಲ, ತೆಲುಗೂ ಇಲ್ಲ, ಮೇಸ್ತ್ರಿಯೊಬ್ಬನೇ ಬಾಯಿ. ನಮ್ಮ ಜಿಲ್ಲೆಗಳು ಜನರನ್ನು ಕಳಿಸುವ ಜಿಲ್ಲೆಗಳಷ್ಟೇ ಅಲ್ಲ, ತರಿಸಿಕೊಳ್ಳುವ ಜಿಲ್ಲೆಗಳೂ ಹೌದು ಎಂಬುದನ್ನು ಒಂದು ಪ್ಯಾರಾದಲ್ಲಾದರೂ ಬರೆಯಿರಿ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳ ಕುದಿನೀರಿನಲ್ಲಿ ಮಕ್ಕಳ ಬೆರಳು ಬೆಂದ ಕಾಲ ತೀರ ಹಳೆಯದೇನಲ್ಲ. ಅಲ್ಲಿಯೂ ಅಪ್ಪ ಅಮ್ಮ ಪಡೆದ ಮುಂಗಡವೇ ಮೂಲವಾಗಿತ್ತು.

ಮೂರನೆಯವರು, ದುಡಿಸಿಕೊಳ್ಳುವವರು. ಇಲ್ಲಿ ಒತ್ತಡ ಸಿದ್ಧಾಂತ ಬಹುಮಟ್ಟಿಗೆ ಸೋಲುತ್ತದೆ, ಸೋಲಲು ಬಿಡಿ. ಗೂಡಿನ ಮಾಲೀಕನಿಗೂ ಮಾರುಕಟ್ಟೆಯ ಒತ್ತಡವಿದೆ, ಸಿಮೆಂಟ್ ಬ್ಲಾಕ್ ಬಂದು ಇಟ್ಟಿಗೆಯ ಬೆಲೆ ಬಿದ್ದಿದೆ ಎಂದು ವಾದಿಸಬಹುದು. ಆದರೆ ಬಾಗಿಲು ಮುಚ್ಚಿಹೋದವನ ಹತಾಶೆಗೂ ಲಾಭ ಇಳಿದವನ ಚಿಂತೆಗೂ ಒಂದೇ ಹೆಸರಿಟ್ಟರೆ ಆ ಹೆಸರಿಗೆ ಅರ್ಥವೇ ಉಳಿಯದು. ಮಾಲೀಕನನ್ನು ವಿವರಿಸಲು ಅಪರಾಧಶಾಸ್ತ್ರಜ್ಞ ಎಡ್ವಿನ್ ಸದರ್ಲೆಂಡ್‌ನ ಬಿಳಿಕಾಲರ್ ಅಪರಾಧದ, ಅಂದರೆ ಪ್ರತಿಷ್ಠಿತರು ತಮ್ಮ ವೃತ್ತಿಯಲ್ಲೇ ಮಾಡುವ ಅಪರಾಧದ, ವಿಚಾರ ಹೆಚ್ಚು ಹೊಂದುತ್ತದೆ: ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂಬ ವ್ಯಾಪಾರದ ವಲಯದಲ್ಲಿ ಕಾನೂನು ಮುರಿಯುವುದನ್ನೂ ಅದಕ್ಕೆ ಸಮಜಾಯಿಷಿ ಹೇಳುವುದನ್ನೂ ಒಟ್ಟಿಗೆ ಕಲಿಯುತ್ತಾರೆ. ಸಿಕ್ಕಿಬೀಳುವ ಭಯವೂ ಅಷ್ಟಕ್ಕಷ್ಟೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಜೀತಕ್ಕಿಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸಜೆ, ಎರಡು ಸಾವಿರ ರೂಪಾಯಿವರೆಗೆ ದಂಡ. ಆ ಎರಡು ಸಾವಿರ ಇಂದಿಗೂ ಎರಡು ಸಾವಿರವೇ.

ಬೇಡಿಕೆಯ ಬದಿಯಲ್ಲಿ ಒತ್ತಡ ನಿಜವಾಗಿಯೂ ಕೆಲಸ ಮಾಡುವ ಒಂದು ಜಾಗ ಮದುವೆ. ಹಳ್ಳಿಯಲ್ಲಿರುವ ರೈತನ ಮಗನಿಗೆ ಹೆಣ್ಣು ಕೊಡುವವರಿಲ್ಲ ಎಂಬ ಗೋಳು ತುಮಕೂರಿನಲ್ಲಿ ನೀವು ದಿನವೂ ಕೇಳುತ್ತಿರಬಹುದು; ಮಂಡ್ಯದ ಅವಿವಾಹಿತರು 2023ರಲ್ಲಿ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೋದರು. ಮದುವೆಯಾದರೆ ಮಾತ್ರ ಗಂಡಸು ಎಂಬ ಗುರಿ ಇದ್ದು ದಾರಿ ಮುಚ್ಚಿದಾಗ ದುಡ್ಡು ಕೊಟ್ಟು ದೂರದ ಊರಿನಿಂದ ಹೆಣ್ಣು ತರಿಸುವ ದಲ್ಲಾಳಿಗೆ ಗಿರಾಕಿಗಳು ಹುಟ್ಟುತ್ತಾರೆ. ಉತ್ತರ ಭಾರತದ ಹರಿಯಾಣದಂಥ ಕಡೆ ಇದು ದೊಡ್ಡ ದಂಧೆಯಾಗಿ ಬೆಳೆದಿದೆ.

ಇನ್ನೊಂದು ಬಗೆ ನಿಮ್ಮ ಮಾದರಿಯಲ್ಲಿ ಬಿಟ್ಟುಹೋಗುವ ಅಪಾಯವಿದೆ: ಓದಿದವರು. ಡೇಟಾ ಎಂಟ್ರಿ ಕೆಲಸ, ಒಳ್ಳೆಯ ಸಂಬಳ ಎಂದು ಥಾಯ್ಲೆಂಡ್‌ಗೆ ಕರೆಸಿಕೊಂಡು ಮ್ಯಾನ್ಮಾರ್, ಕಾಂಬೋಡಿಯಾದ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳು. 2025ರ ಮಾರ್ಚ್‌ನಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿಂದ ವಿಮಾನದಲ್ಲಿ ಕರೆತರಲಾಯಿತು. ಇವರು ಉಣ್ಣಲಿಲ್ಲದೆ ಹೋದವರಲ್ಲ. ಡಿಗ್ರಿ ಎಂಬ ನೇರ ದಾರಿಯನ್ನು ಕೊನೆಯವರೆಗೂ ನಡೆದು ಅದರ ತುದಿಯಲ್ಲಿ ಏನೂ ಕಾಣದೆ ನಿಂತವರು. ಮರ್ಟನ್ನನ ಮಾತು ಅತಿ ನಿಖರವಾಗಿ ತಾಗುವುದು ಇವರಿಗೆ. ಅಲ್ಲಿ ಅವರಿಂದ ಬಲವಂತವಾಗಿ ಮಾಡಿಸಿದ್ದು ಅಪರಾಧವೇ. ಅದರಲ್ಲಿ ಹಣ ಕಳೆದುಕೊಂಡವರಲ್ಲಿ ನಮ್ಮ ಊರಿನ ನಿವೃತ್ತ ಮೇಷ್ಟ್ರುಗಳೂ ಇದ್ದಾರು.

ಪ್ರಶ್ನಾವಳಿಗೆ ಬರೋಣ. ‘ನಿಮ್ಮ ಮಾಸಿಕ ಆದಾಯವೆಷ್ಟು’ ಎಂಬಲ್ಲಿಂದ ಶುರು ಮಾಡಬೇಡಿ. ಹೋಗುವ ಹಿಂದಿನ ಆರು ತಿಂಗಳಲ್ಲಿ ಮನೆಯಲ್ಲಿ ಏನು ಬದಲಾಯಿತು, ಕೆಲಸದ ಮಾತನ್ನು ಮೊದಲು ಎತ್ತಿದವರು ಯಾರು, ಅವರು ನಿಮಗೆ ಏನಾಗಬೇಕು, ಏನು ಕೊಡುತ್ತೇವೆ ಎಂದಿದ್ದರು, ಮುಂಗಡ ಯಾರ ಕೈಗೆ ಹೋಯಿತು, ಯಾವ ಸಾಲಕ್ಕೆ ಹೋಯಿತು, ಬಿಟ್ಟು ಬರಬಹುದು ಎಂದು ಎಂದಾದರೂ ಅನ್ನಿಸಿತ್ತೇ, ಅನ್ನಿಸಿದರೆ ತಡೆದದ್ದು ಏನು ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರಗಳೇ ನಿಮ್ಮ ಐದನೇ ಅಧ್ಯಾಯ.

ಅದಕ್ಕಿಂತ ಮುಖ್ಯವಾದದ್ದು, ಹೋಗದವರನ್ನೂ ಮಾತನಾಡಿಸಿ. ಅದೇ ಊರು, ಅದೇ ಕೇರಿ, ಅಷ್ಟೇ ಸಾಲ, ಅದೇ ಮೇಸ್ತ್ರಿ ಬಂದು ಕರೆದಿದ್ದರೂ ಹೋಗದ ಮನೆಗಳು ಇರುತ್ತವೆ. ಹೋಲಿಸಿ ನೋಡದೆ ಒತ್ತಡವೇ ಕಾರಣ ಎಂದರೆ ಯಾವ ಪರೀಕ್ಷಕನೂ ಒಪ್ಪಬಾರದು. ಉದ್ಯೋಗ ಖಾತರಿಯ ಕೂಲಿ ಸಮಯಕ್ಕೆ ಬಂದಿತ್ತೇ, ಬೆಂಗಳೂರಿನಲ್ಲಿ ಸ್ವಂತ ಅಣ್ಣ ಇದ್ದನೇ, ಮಗಳಿಗೆ ಹಾಸ್ಟೆಲ್ ಸಿಕ್ಕಿತ್ತೇ ಎಂದು ನೋಡಿ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಚಿತವಾಗಿ ಉಂಡು, ಇದ್ದು ಓದುತ್ತಿರುವುದನ್ನು ಪುಣ್ಯಕಾರ್ಯ ಎಂದಷ್ಟೇ ನಾವು ನೋಡುತ್ತೇವೆ. ಅಪರಾಧಶಾಸ್ತ್ರದ ಕಣ್ಣಿಗೆ ಅದು ಮುಚ್ಚಿದ ದಾರಿಯನ್ನು ತೆರೆದಿಟ್ಟ ವ್ಯವಸ್ಥೆ, ಒಂದು ಮಗುವನ್ನು ಮೇಸ್ತ್ರಿಯ ಲೆಕ್ಕದಿಂದ ಹೊರಗಿಟ್ಟ ವ್ಯವಸ್ಥೆ. ಸರ್ಕಾರಿ ಹಾಸ್ಟೆಲ್‌ಗಳಲ್ಲಿ ಸೀಟು ಸಿಗದೆ ಹೋದ ಮಕ್ಕಳು ಆಮೇಲೆ ಎಲ್ಲಿಗೆ ಹೋದರು ಎಂದು ಯಾರಾದರೂ ಬೆನ್ನುಹತ್ತಿ ಬರೆದರೆ ಅದೇ ಒಂದು ಪಿಎಚ್‌ಡಿ.

ಬಲಿಯಾದವರನ್ನು ನೇರವಾಗಿ ಸಂದರ್ಶಿಸಲು, ಅದರಲ್ಲೂ ಲೈಂಗಿಕ ಶೋಷಣೆಯ ಪ್ರಕರಣಗಳಲ್ಲಿ, ಅವಸರ ಮಾಡಬೇಡಿ. ನಿಮ್ಮ ಅಂಕಕ್ಕಾಗಿ ಒಬ್ಬರು ತಮ್ಮ ಗಾಯವನ್ನು ಮತ್ತೆ ಕೆದಕಿಕೊಳ್ಳಬೇಕಾಗಿಲ್ಲ. ನ್ಯಾಯಾಲಯದ ತೀರ್ಪುಗಳು, ದೋಷಾರೋಪ ಪಟ್ಟಿಗಳು ಸಿಗುತ್ತವೆ. 2024ರ ಜುಲೈ 1ಕ್ಕೆ ಮುಂಚಿನ ಕೃತ್ಯಗಳಾದರೆ ಭಾರತೀಯ ದಂಡ ಸಂಹಿತೆಯ 370ನೇ ಕಲಂ, ನಂತರದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಎಂದು ಹುಡುಕಿ.

ಕೆಲಸಕ್ಕೆ ವಲಸೆ ಹೋದವರೆಲ್ಲ ಕಳ್ಳಸಾಗಣೆಗೆ ಸಿಕ್ಕವರಲ್ಲ, ಈ ಗೆರೆಯನ್ನು ಮೊದಲ ಅಧ್ಯಾಯದಲ್ಲೇ ಎಳೆಯಿರಿ. ಕರೆದೊಯ್ಯುವ ಕೃತ್ಯ, ಅದಕ್ಕೆ ಬಳಸಿದ ಬೆದರಿಕೆ, ಮೋಸ ಅಥವಾ ಆಮಿಷ, ಹಿಂದಿರುವ ಶೋಷಣೆಯ ಉದ್ದೇಶ ಇವು ಮೂರೂ ಕೂಡಿರಬೇಕು. ಬಲಿಯಾದವರು ಒಪ್ಪಿದ್ದರು ಎಂಬುದು ಆರೋಪಿಗೆ ರಕ್ಷಣೆಯಲ್ಲ. ಮಾನವ ಕಳ್ಳಸಾಗಣೆ ತಡೆಗೆ ವಿಶ್ವಸಂಸ್ಥೆ ತಂದ 2000ದ ಪಲೆರ್ಮೊ ಒಪ್ಪಂದದ ಪ್ರಕಾರ ಮಕ್ಕಳ ವಿಷಯದಲ್ಲಿ ಎರಡನೆಯದನ್ನು ತೋರಿಸಲೇಬೇಕೆಂದಿಲ್ಲ. ‘ಬಲವಂತ’ ಎಂದರೆ ಏನು ಎಂಬುದಕ್ಕೆ 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ತಪ್ಪದೆ ಓದಿ. ಹಸಿವು ಮತ್ತು ಇಲ್ಲದಿರುವಿಕೆಯ ಒತ್ತಾಯಕ್ಕೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದು ಕೂಡ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಅದು ಹೇಳಿತು. ಒತ್ತಡ ಸಿದ್ಧಾಂತಕ್ಕೆ ನಮ್ಮ ದೇಶದ ಕಾನೂನಿನಲ್ಲಿ ಸಿಗುವ ಅತಿ ಹತ್ತಿರದ ನಂಟು ಇದು, ನಿಮ್ಮ ಮಾರ್ಗದರ್ಶಕರಿಗೂ ಇಷ್ಟವಾಗಬಹುದು.

ಕ್ಷೇತ್ರಕಾರ್ಯದಲ್ಲಿ ನಿಜವಾದ ಪ್ರಕರಣವೇ ಎದುರಾದರೆ ಪ್ರಬಂಧ ಪಕ್ಕಕ್ಕಿಡಿ. ಮಗುವಾದರೆ 1098ಕ್ಕೆ ಕರೆ ಮಾಡಿ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ತುರ್ತು ಪೊಲೀಸ್ ನೆರವಿಗೆ 112. ಜೀತದ ಲಕ್ಷಣ ಕಂಡರೆ ಉಪವಿಭಾಗಾಧಿಕಾರಿಗೆ ಲಿಖಿತವಾಗಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ನಿಮಗೆ ಮರ್ಟನ್ನನ ಮೂರನೆಯ ಗುಂಪಿನವರು, ಕರ್ಮಠರು, ಸಿಗಬಹುದು: ಕೂಲಿಯವರನ್ನು ಬಸ್ಸು ಹತ್ತಿಸಿ ಊರಿಗೆ ಕಳಿಸಿ, ‘ಪರಸ್ಪರ ರಾಜಿಯಾಗಿದೆ’ ಎಂದು ಬರೆದು ಕಡತ ಮುಚ್ಚುವವರು. ಜೀತದಿಂದ ಮುಕ್ತರು ಎಂದು ಅಧಿಕಾರಿ ಬರೆದುಕೊಡುವ ಬಿಡುಗಡೆ ಪತ್ರ ಕೈಗೆ ಬರದೆ ಕಾರ್ಮಿಕರನ್ನು ಊರಿಗೆ ಕಳಿಸಲು ಒಪ್ಪಬೇಡಿ. ಪುನರ್ವಸತಿ ಯೋಜನೆಯಡಿ ವಯಸ್ಕ ಪುರುಷನಿಗೆ ಒಂದು ಲಕ್ಷ, ಮಹಿಳೆ ಮತ್ತು ಮಕ್ಕಳಿಗೆ ಎರಡು ಲಕ್ಷ, ಕಳ್ಳಸಾಗಣೆಯಂಥ ತೀವ್ರ ಶೋಷಣೆಗೆ ಸಿಕ್ಕ ಮಹಿಳೆ ಮತ್ತು ಮಕ್ಕಳಿಗೆ ಮೂರು ಲಕ್ಷ ರೂಪಾಯಿ ಸಿಗಬೇಕಾದದ್ದು ಆ ಪತ್ರ ಮತ್ತು ಪ್ರಕರಣದ ದಾಖಲೆಗಳ ಆಧಾರದ ಮೇಲೆಯೇ. ಪಡೆದ ಮುಂಗಡ ಜೀತಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ 15ನೇ ಕಲಂ ಪ್ರಕಾರ ಸಾಲ ಕೊಟ್ಟವನದು, ಕೂಲಿಯವನದಲ್ಲ. ಅಧಿಕಾರಿ ಮರೆತಿದ್ದರೆ ಕಾಯ್ದೆಯ ಪ್ರತಿಯೊಂದನ್ನು ಅರ್ಜಿಗೆ ಲಗತ್ತಿಸಿ ಕೊಡಿ.